ಉಸಿರಿನ ಅಳತೆಯೂ ವೈದ್ಯನ ಧರ್ಮವೂ

ಇಂದ್ರಿಯಗಳು ತಮ್ಮಲ್ಲಿ ಯಾರು ಶ್ರೇಷ್ಠರೆಂದು ಕಲಹಿಸಿದಾಗ ಪ್ರಾಣವೇ ಗೆದ್ದಿತೆಂಬ ಕಥೆಯು ಛಾಂದೋಗ್ಯೋಪನಿಷತ್ತಿನಲ್ಲಿರುವುದನ್ನು ವಾಚಕರು ಬಲ್ಲರು. ಆ ಪ್ರಾಣವಾಯುವಿನ ಸಂಚಾರವನ್ನು ಇಂದು ಯಂತ್ರವು ನಡೆಯಿಸಬಲ್ಲದು, ಗಣಕಯಂತ್ರವು ಅಳೆಯಬಲ್ಲದು. ಹಾಗೆ ಅಳೆದುದೆಲ್ಲವೂ ರೋಗಿಗೆ ಹಿತವಾಯಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ರೋಗವು ಹಬ್ಬಿದಾಗ, ವೈದ್ಯ ಬ್ಯೋರ್ನ್ ಇಬ್ಸೆನ್ನರ ಸಲಹೆಯಂತೆ ರೋಗಿಗಳ ಕೊರಳಿನಲ್ಲಿ ನಳಿಗೆಯನ್ನಿಟ್ಟರು; ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಕೈಯಿಂದ ಚೀಲವನ್ನೊತ್ತಿ ಉಸಿರು ಕೊಟ್ಟರು. ಒತ್ತುವ ಕೈಗೆ ಶ್ವಾಸಕೋಶದ ಬಿಗುವು ಕೊಂಚಮಟ್ಟಿಗೆ ತಿಳಿಯುತ್ತದೆ. ಕೈಯ ಸ್ಥಾನಕ್ಕೆ ಯಂತ್ರವು ಬಂದ ಮೇಲೆ ಆ ಸ್ಪರ್ಶಜ್ಞಾನದ ಬದಲಿಗೆ ಅಂಕಿಗಳ ಜ್ಞಾನವು ಬೇಕಾಯಿತು.

ಅದರ ಕ್ರಮವು ಸರಳವಾದುದೇ. ಒಳಹೊಕ್ಕ ವಾಯುವನ್ನು ಕ್ಷಣಕಾಲ ತಡೆದರೆ ಹರಿವು ನಿಂತು ಶ್ವಾಸಕೋಶದೊಳಗಣ ಒತ್ತಡವು ಕಾಣುತ್ತದೆ. ಒಂದು ಉಸಿರಿನ ವಾಯು ೪೨೦ ಮಿಲಿಲೀಟರು, ಆಗಿನ ಒತ್ತಡ ೨೪ ಸೆಂಟಿಮೀಟರು ನೀರಿನಷ್ಟು, ಉಸಿರು ಬಿಟ್ಟ ಬಳಿಕ ಉಳಿಯುವ ಒತ್ತಡ ೧೦ ಎಂದಿಟ್ಟುಕೊಂಡರೆ, ೪೨೦ನ್ನು ೧೪ರಿಂದ ಭಾಗಿಸಲು ೩೦ ಬರುತ್ತದೆ. ಇದು ಶ್ವಾಸಕೋಶವು ಹಿಗ್ಗುವ ಗುಣದ ಮಾನ. ತಡೆಯುವುದಕ್ಕೆ ಮುಂಚಿನ ಒತ್ತಡಕ್ಕೂ ತಡೆದ ಮೇಲಿನ ಒತ್ತಡಕ್ಕೂ ಇರುವ ಅಂತರದಿಂದ ಶ್ವಾಸನಾಳದ ಅಡಚಣೆಯು ತಿಳಿಯುತ್ತದೆ. ಗಣಕಯಂತ್ರವಾದರೋ ವಾಯುವನ್ನು ತಡೆಯದೆಯೂ, ಒತ್ತಡ ಹರಿವುಗಳ ಗತಿಯಿಂದಲೇ, ಇವೆಲ್ಲವನ್ನೂ ಉಸಿರುಸಿರಿಗೂ ದಣಿವಿಲ್ಲದೆ ಅಂದಾಜಿಸಬಲ್ಲದು.

ಹಾಗಿದ್ದರೆ ಚಿಕಿತ್ಸೆಯನ್ನೆಲ್ಲ ಅಂಕಿಗೇ ಒಪ್ಪಿಸಬಾರದೇಕೆ? ಅಂಕಿಗೆ ಮರೆವಿಲ್ಲ, ಪಕ್ಷಪಾತವಿಲ್ಲ, ಎಂಬುದು ಪೂರ್ವಪಕ್ಷ.

ಇದಕ್ಕೆ ಮೊದಲನೆಯ ಸಮಾಧಾನ: ರೋಗಿಯು ತಾನೇ ಉಸಿರೆಳೆಯಲು ಯತ್ನಿಸುತ್ತಿದ್ದರೆ ಈ ಲೆಕ್ಕವು ತಪ್ಪುತ್ತದೆ. ಆತನ ಎದೆಯು ಏಳುವುದನ್ನು ಕಣ್ಣಿಟ್ಟು ನೋಡಿದವನಿಗೆ ಮಾತ್ರ ಅಂಕಿಯ ಅರ್ಥವು ತಿಳಿಯುವುದು. ಪ್ರಮಾಣವಿದ್ದ ಮಾತ್ರಕ್ಕೆ ಸಾಲದು, ಪ್ರಮಾತೃವೂ ಎಚ್ಚರದಿಂದಿರಬೇಕು.

ಎರಡನೆಯದು ಇನ್ನೂ ಗಹನವಾದುದು. ಶ್ವಾಸಕೋಶವು ತೀವ್ರವಾಗಿ ಕೆಟ್ಟ ೮೬೧ ಮಂದಿ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರ ಫಲವು ೨೦೦೦ದಲ್ಲಿ ಪ್ರಕಟವಾಯಿತು. ಎತ್ತರದಿಂದ ಲೆಕ್ಕಹಾಕಿದ ದೇಹತೂಕದ ಕಿಲೋಗ್ರಾಮಿಗೆ ೧೨ ಮಿಲಿಲೀಟರಿನ ದೊಡ್ಡ ಉಸಿರನ್ನು ಒಂದು ವರ್ಗಕ್ಕೂ, ೬ ಮಿಲಿಲೀಟರಿನ ಸಣ್ಣ ಉಸಿರನ್ನು ಮತ್ತೊಂದಕ್ಕೂ ಗೊತ್ತುಮಾಡಿದ್ದರು. ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕದ ಅಂಕಿಯು ದೊಡ್ಡ ಉಸಿರಿನವರಲ್ಲಿಯೇ ಉತ್ತಮವಾಗಿದ್ದಿತು. ಆದರೆ ಅವರಲ್ಲಿ ಮೃತರಾದವರು ನೂರಕ್ಕೆ ೩೯.೮; ಸಣ್ಣ ಉಸಿರಿನವರಲ್ಲಿ ೩೧. ಹಿಗ್ಗಲಾರದ ಶ್ವಾಸಕೋಶವನ್ನು ಬಲದಿಂದ ಹಿಗ್ಗಿಸಿದರೆ ಅದು ಗಾಯಗೊಳ್ಳುತ್ತದೆ.

ದೊಡ್ಡ ಉಸಿರನ್ನು ಕೊಡುತ್ತಿದ್ದ ವೈದ್ಯರು ನಿರ್ದಯರಲ್ಲ, ಅಜಾಗರೂಕರೂ ಅಲ್ಲ. ಕಣ್ಣೆದುರಿನ ಅಂಕಿಯು ಸರಿಹೋದರೆ ರೋಗಿಯೂ ಸರಿಹೋದನೆಂದು ನಂಬಿದ್ದರು, ಅಷ್ಟೆ. ಸಾಧನವನ್ನೇ ಸಾಧ್ಯವೆಂದೆಣಿಸುವ ಈ ಭ್ರಮೆಯು ವೈದ್ಯಶಾಲೆಯಲ್ಲಿ ಮಾತ್ರವಲ್ಲ, ಪಾಠಶಾಲೆ ನ್ಯಾಯಶಾಲೆಗಳಲ್ಲಿಯೂ ಉಂಟು.

ಇದರಿಂದ ಅಳತೆಯೇ ವ್ಯರ್ಥವೆನ್ನುವುದು ಮತ್ತೊಂದು ಅತಿರೇಕ. ಆ ಕೇಡನ್ನು ತೋರಿಸಿಕೊಟ್ಟುದೂ ಎಣಿಕೆಯೇ ತಾನೆ? ಬಾಯಿಗೆ ನಳಿಗೆಯಿಟ್ಟು ಮಲಗಿಸಿದ ರೋಗಿಯು ತನ್ನ ನೋವನ್ನು ಹೇಳಲಾರನು. ಅವನ ಶ್ವಾಸಕೋಶದ ಪರವಾಗಿ ಮಾತನಾಡುವುದು ಈ ಅಂಕಿಯೇ. ಅದನ್ನು ಕೇಳದಿರುವುದು ಕರ್ತವ್ಯಲೋಪ. ಆದರೆ ಯಾವ ಅಂಕಿಯನ್ನು ಯಾವ ಹಿತಕ್ಕಾಗಿ ತಿದ್ದಬೇಕೆಂಬ ವಿವೇಕವು ಗಣಕಯಂತ್ರದ ಲೆಕ್ಕದೊಳಗೆ ಬರುವುದಿಲ್ಲ. ಆ ಹೊರೆಯು ಹಾಸಿಗೆಯ ಬಳಿ ನಿಂತ ಮನುಷ್ಯನದು. ಯಂತ್ರವೆಷ್ಟು ಸೂಕ್ಷ್ಮವಾದರೂ ಅದನ್ನು ಅವನು ಇಳಿಸಿಡತಕ್ಕುದಲ್ಲ.