ಹೆಸರು ಬಾಡಿಗೆಗೆ ಸಿಗುವುದೇ?

ಕಾಟಿಪಳ್ಳದಲ್ಲಿ ನಮ್ಮ ಬ್ಲಾಕಿನ ಮಸೀದಿಯ ಜಗಲಿಯಲ್ಲಿ ಅಸರ್ ನಮಾಝಿನ ಬಳಿಕ ಕೆಲವು ಹಿರಿಯರು ಸ್ವಲ್ಪ ಹೊತ್ತು ಕುಳಿತು ಮಾತಾಡುವ ವಾಡಿಕೆಯಿದೆ. ಒಂದು ಸಂಜೆ ಅಲ್ಲಿಗೆ ಒಬ್ಬ ಯುವಕ ಬಂದ. ಅವನ ಮದುವೆ ನಿಶ್ಚಯವಾಗಿತ್ತು. ಮದುಮಗ ಹೋಗುವುದಕ್ಕೆ ಮಂಗಳೂರಿನಿಂದ ಒಂದು ಮರ್ಸಿಡಿಸ್ ಬೆಂಝ್ ಕಾರನ್ನು ಬಾಡಿಗೆಗೆ ತರಿಸುವ ಆಲೋಚನೆ ಮನೆಯಲ್ಲಿ ನಡೆದಿತ್ತು. ಜಗಲಿಯಲ್ಲಿದ್ದ ಹಿರಿಯರೊಬ್ಬರು ಇಪ್ಪತ್ತೆರಡು ವರ್ಷ ಸೌದಿ ಅರೇಬಿಯಾದಲ್ಲಿ ಒಬ್ಬ ಶ್ರೀಮಂತರ ಮನೆಯ ಡ್ರೈವರಾಗಿದ್ದವರು. ಯುವಕ ಅವರ ಪಕ್ಕ ಕುಳಿತು ಕೇಳಿದ:

"ಕಾಕ, ನೀವು ಅಷ್ಟು ವರ್ಷ ಬೆಂಝ್ ಓಡಿಸಿದ್ದೀರಲ್ಲ, ಅದರಲ್ಲಿ ಕುಳಿತರೆ ಹೇಗಿರುತ್ತದೆ?"

"ಕಾರು ಒಳ್ಳೆಯದೇ ಮೋನೇ, ಅದರಲ್ಲಿ ಎರಡು ಮಾತಿಲ್ಲ" ಎಂದರು ಅವರು. "ನಾನು ಆ ಕಾರಿನಲ್ಲಿ ಕಟ್ಟಡದ ಗೇಟಿಗೆ ಬಂದರೆ ಕಾವಲುಗಾರ ಎದ್ದು ನಿಂತು ಸಲಾಂ ಹೇಳುತ್ತಿದ್ದ. ಅದೇ ಸಂಜೆ ರೊಟ್ಟಿ ತರಲು ನಡೆದುಕೊಂಡು ಹೊರಟರೆ ಅದೇ ಕಾವಲುಗಾರ ನನ್ನ ಇಕಾಮಾ ಕೇಳುತ್ತಿದ್ದ. ಅವನು ಸಲಾಂ ಹೇಳಿದ್ದು ಯಾರಿಗೆ ಎಂದು ನನಗೆ ಆಗ ತಿಳಿಯಿತು."

ಎಲ್ಲರೂ ನಕ್ಕರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಒಂದು ಕಾರಿನ ಹೆಸರಿಗೆ ಇಷ್ಟೊಂದು ಗೌರವ ಬಂದದ್ದಾದರೂ ಎಲ್ಲಿಂದ? ಆ ಗೌರವವು ಅದರೊಳಗೆ ಕುಳಿತವನಿಗೆ ವರ್ಗಾವಣೆಯಾಗುವುದೇ? ಒಂದು ದಿನದ ಬಾಡಿಗೆಗೆ ಕಾರು ಸಿಗುತ್ತದೆ. ಅದರ ಜೊತೆ ಹೆಸರೂ ಸಿಗುತ್ತದೆಯೇ? ಮೇಲ್ನೋಟಕ್ಕೆ ಇದು ಸಣ್ಣ ವಿಷಯ. ಆದರೆ ನಮ್ಮ ಎಷ್ಟೋ ಮನೆಗಳ ಸಾಲ, ಸಂಕಟ ಮತ್ತು ಜಗಳಗಳು ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡದ್ದರಿಂದಲೇ ಹುಟ್ಟಿವೆ.

ಮೊದಲು ಈ ಹೆಸರಿನ ಚರಿತ್ರೆಯನ್ನು ನೋಡೋಣ. ಜರ್ಮನಿಯ ಮಾನ್‌ಹೈಮ್ ನಗರದ ಕಾರ್ಲ್ ಬೆಂಝ್ ಎಂಬ ಇಂಜಿನಿಯರ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ. ಜನರಿಗೆ ಅದರ ಮೇಲೆ ಭರವಸೆ ಬರಲಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಪತ್ನಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಸುಮಾರು 100 ಕಿಲೋಮೀಟರ್ ದೂರದ ತನ್ನ ತವರೂರು ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯಲ್ಲಿ ಹೊರಟಳು. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಿಂದ ಕೊಂಡುಕೊಂಡಳು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕ್ ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಗಾಡಿ ಊರು ಮುಟ್ಟಿತು. ಆ ಹೆಸರಿನ ಮೊದಲ ಬಂಡವಾಳ ಒಬ್ಬ ಮಹಿಳೆಯ ಧೈರ್ಯ ಮತ್ತು ಧೂಳು ಹಿಡಿದ ಕೈಗಳೇ ಹೊರತು ಹೊಳಪಲ್ಲ.

'ಮರ್ಸಿಡಿಸ್' ಎಂಬ ಹೆಸರಿನ ಕಥೆ ಬೇರೆಯೇ. ಅದೇ ಕಾಲದಲ್ಲಿ ಡೈಮ್ಲರ್ ಎಂಬವನ ಕಂಪೆನಿಯೂ ಕಾರು ತಯಾರಿಸುತ್ತಿತ್ತು. ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ 1900ರಲ್ಲಿ ಆ ಕಂಪೆನಿಯಿಂದ 36 ಕಾರುಗಳನ್ನು ಒಮ್ಮೆಗೇ ಖರೀದಿಸಲು ಮುಂದಾಗಿ, ಹೊಸ ಇಂಜಿನಿಗೆ ತನ್ನ ಮಗಳ ಹೆಸರಿಡಬೇಕೆಂದು ಷರತ್ತು ಹಾಕಿದ. ಮಗಳು ಮರ್ಸಿಡಿಸ್‌ಗೆ ಆಗ ಹತ್ತರ ಪ್ರಾಯ. 1902ರಲ್ಲಿ ಆ ಹೆಸರು ಕಂಪೆನಿಯ ಮುದ್ರೆಯಾಗಿ ನೋಂದಣಿಯಾಯಿತು. 1909ರಲ್ಲಿ ಮೂರು ಮೂಲೆಯ ನಕ್ಷತ್ರವೂ ನೋಂದಣಿಯಾಯಿತು. ನೆಲ, ಜಲ ಮತ್ತು ಆಕಾಶ ಮೂರರಲ್ಲೂ ತಮ್ಮ ಇಂಜಿನುಗಳು ಓಡಬೇಕೆಂಬುದು ಅದರ ಅರ್ಥ. 1926ರಲ್ಲಿ ಎರಡೂ ಕಂಪೆನಿಗಳು ಒಂದಾಗಿ, ಅವುಗಳ ಕಾರಿಗೆ ಮರ್ಸಿಡಿಸ್ ಬೆಂಝ್ ಎಂಬ ಹೆಸರು ಬಂತು. ಇತ್ತ ಆ ಹುಡುಗಿಯ ಬದುಕು? ಮೊದಲ ಮಹಾಯುದ್ಧದಲ್ಲಿ ತಂದೆ ಫ್ರಾನ್ಸಿನಲ್ಲಿದ್ದ ಆಸ್ತಿಯನ್ನು ಕಳೆದುಕೊಂಡ. ಮಗಳು ಬಡತನವನ್ನೂ ಕಂಡು 1929ರಲ್ಲಿ, ನಲ್ವತ್ತು ತುಂಬುವ ಮೊದಲೇ ತೀರಿಕೊಂಡಳು. ಅವಳ ಹೆಸರು ಲೋಕವನ್ನೆಲ್ಲ ಸುತ್ತುತ್ತಿತ್ತು. ಅವಳಿಗೆ ಅದರಿಂದ ಒಂದು ಹೊತ್ತಿನ ಊಟವೂ ಬರಲಿಲ್ಲ. ಸ್ವಂತ ಹೆಸರೇ ಕಾರಿನ ಮೇಲಿದ್ದವಳಿಗೆ ಸಿಗದ ಆಸರೆ, ಬಾಡಿಗೆ ಕೊಟ್ಟು ಕುಳಿತವನಿಗೆ ಸಿಕ್ಕೀತೇ?

ಹಾಗಾದರೆ ಈ ಹೆಸರನ್ನು ಉಳಿಸಿದ್ದು ಯಾವುದು? ಕೆಲಸ. ಅಪಘಾತವಾದಾಗ ಕಾರಿನ ಮುಂಭಾಗ ಕುಗ್ಗಿ, ಒಳಗಿದ್ದವರ ಜೀವ ಉಳಿಯಬೇಕೆಂಬ ವಿನ್ಯಾಸವನ್ನು ಬೇಲಾ ಬರೇನಿ ಎಂಬ ಇಂಜಿನಿಯರ್ ಅಲ್ಲಿಯೇ ರೂಪಿಸಿದ. 1959ರಿಂದ ಅದು ರಸ್ತೆಗಿಳಿಯಿತು. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ 1978ರಲ್ಲಿ ಬಂತು. ಗ್ರೀಸ್ ದೇಶದ ಥೆಸಲೋನಿಕಿ ನಗರದಲ್ಲಿ ಗ್ರೆಗೋರಿಯೋಸ್ ಸಚಿನಿಡಿಸ್ ಎಂಬ ಟ್ಯಾಕ್ಸಿ ಚಾಲಕನಿದ್ದ. ಅವನ ಬಳಿಯಿದ್ದ 1976ರ ಮಾಡೆಲಿನ ಡೀಸೆಲ್ ಬೆಂಝ್ ಸುಮಾರು 46 ಲಕ್ಷ ಕಿಲೋಮೀಟರ್ ಓಡಿತು. 2004ರಲ್ಲಿ ಕಂಪೆನಿಯು ಅದನ್ನು ತನ್ನ ಸಂಗ್ರಹಾಲಯದಲ್ಲಿ ಇರಿಸಿಕೊಂಡಿತು. ಜರ್ಮನಿಯಲ್ಲೂ ಮೊರಾಕ್ಕೋದಲ್ಲೂ ಈ ಕಾರು ದಶಕಗಳ ಕಾಲ ಟ್ಯಾಕ್ಸಿಯಾಗಿಯೇ ದುಡಿಯಿತು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ದೇಶದಲ್ಲಿ ಜನಸಾಮಾನ್ಯರು ಆ ನಕ್ಷತ್ರವನ್ನು ಮೊದಲು ಕಂಡದ್ದು ಲಾರಿಯ ಮೂತಿಯ ಮೇಲೆ. ಟಾಟಾದವರ ಟೆಲ್ಕೋ ಕಂಪೆನಿ 1954ರಲ್ಲಿ ಜರ್ಮನ್ ಕಂಪೆನಿಯ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಆ ಒಪ್ಪಂದ 1969ರವರೆಗೆ ನಡೆಯಿತು. ನಮ್ಮ ಹಿರಿಯರು ಅದನ್ನು 'ಬೆಂಝ್ ಲಾರಿ' ಎಂದೇ ಕರೆಯುತ್ತಿದ್ದರು. ಹೆಂಚು, ಮರ, ಉಪ್ಪು, ಅಕ್ಕಿ ಹೊತ್ತ ಲಾರಿ ಅದು. ಕಂಪೆನಿಯು ಭಾರತದಲ್ಲಿ ಕಾರು ತಯಾರಿಕೆಗೆ ಬಂದದ್ದು 1994ರ ಬಳಿಕ, ಪುಣೆಯಲ್ಲಿ. ಬೆವರಿನ ಜೊತೆ ಬಂದ ಹೆಸರು ಕ್ರಮೇಣ ಬೆವರದವರ ಗುರುತಾಯಿತು!

ಚರಿತ್ರೆಯ ಇನ್ನೊಂದು ಪುಟವನ್ನೂ ತೆರೆಯದೆ ಹೋದರೆ ಅದು ನ್ಯಾಯವಾಗದು. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಕಂಪೆನಿ ಹಿಟ್ಲರನ ಸರಕಾರಕ್ಕೆ ಯುದ್ಧ ಸಾಮಗ್ರಿ ತಯಾರಿಸಿತು. ಹಿಟ್ಲರ್ ಮೆರವಣಿಗೆ ಹೋಗುತ್ತಿದ್ದುದೂ ಇದೇ ಕಾರಿನಲ್ಲಿ. 1944ರಲ್ಲಿ ಅದರ 63 ಸಾವಿರಕ್ಕೂ ಮಿಕ್ಕ ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಲವಂತದಿಂದ ದುಡಿಸಲ್ಪಟ್ಟವರು. ಅವರಲ್ಲಿ ಆಕ್ರಮಿತ ದೇಶಗಳ ಜನರು, ಯುದ್ಧಕೈದಿಗಳು ಮತ್ತು ಯಾತನಾ ಶಿಬಿರಗಳ ಬಂದಿಗಳಿದ್ದರು. ಕಂಪೆನಿ ಇದನ್ನು ಮುಂದೆ ಒಪ್ಪಿಕೊಂಡಿತು. 1988ರಲ್ಲಿ ಎರಡು ಕೋಟಿ ಜರ್ಮನ್ ಮಾರ್ಕ್ ಪಾವತಿಸಿತು. ಆದರೆ ನಲ್ವತ್ತಕ್ಕೂ ಹೆಚ್ಚು ವರ್ಷ ಕಾದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಮಣ್ಣಾಗಿದ್ದರು. ಮುಂದೆ 2020ರಲ್ಲಿ, ಡೀಸೆಲ್ ಕಾರುಗಳ ಹೊಗೆಯ ಪರೀಕ್ಷೆಯಲ್ಲಿ ವಂಚನೆ ನಡೆದಿದೆಯೆಂಬ ಅಮೆರಿಕ ಸರಕಾರದ ಆರೋಪವನ್ನು ಇತ್ಯರ್ಥಗೊಳಿಸಲು ಕಂಪೆನಿ ಸುಮಾರು 150 ಕೋಟಿ ಡಾಲರ್ ಕೊಡಲು ಒಪ್ಪಿತು. ನಕ್ಷತ್ರದ ಹೊಳಪು ಈ ಲೆಕ್ಕಗಳನ್ನು ಮುಚ್ಚಲಿಲ್ಲ. ಹೆಸರು ಎಷ್ಟೇ ದೊಡ್ಡದಿರಲಿ, ದುಡಿದವನ ಹಕ್ಕು ಅದರ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದರ ಮಾತು ನಿಜವೇ ಎಂದು ಕೇಳುವವರೂ ಬರುತ್ತಾರೆ.

ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಖಾರೂನನ ವೃತ್ತಾಂತವನ್ನು ನಾವೆಲ್ಲ ಓದಿದ್ದೇವೆ. ಅವನು ತನ್ನ ಸಕಲ ವೈಭವದೊಂದಿಗೆ ಜನರ ಮುಂದೆ ಹೊರಟಾಗ, ಲೌಕಿಕ ಬದುಕನ್ನೇ ಬಯಸುತ್ತಿದ್ದವರು ತಮಗೂ ಹಾಗೆ ಸಿಗಬಾರದಿತ್ತೇ ಎಂದು ಹಂಬಲಿಸಿದರು. ಮರುದಿನ ಅವನು ಭೂಮಿಯಲ್ಲಿ ಹೂತುಹೋದಾಗ, ಅವನ ಸ್ಥಾನವನ್ನು ಬಯಸಿದ್ದ ಅದೇ ಜನರು ತಾವು ಬದುಕುಳಿದೆವಲ್ಲ ಎಂದು ನಿಟ್ಟುಸಿರು ಬಿಟ್ಟರು. ಇಲ್ಲಿ ಗಮನಿಸಬೇಕಾದದ್ದು ಖಾರೂನನನ್ನು ಮಾತ್ರವಲ್ಲ, ದಾರಿಯ ಬದಿಯಲ್ಲಿ ನಿಂತು ನೋಡಿದವರನ್ನು ಕೂಡ. ನಾವು ಹೆಚ್ಚಿನವರು ಖಾರೂನರಲ್ಲ. ನಾವು ದಾರಿ ಬದಿಯವರು. ಒಂದು ದಿನಕ್ಕಾದರೂ ಅವನ ವಾಹನದಲ್ಲಿ ಕುಳಿತೇವೇ ಎಂದು ಆಸೆಪಡುವವರು.

ಹಾಗೆಂದು ಒಳ್ಳೆಯ ವಾಹನವನ್ನು ಇಸ್ಲಾಮ್ ನಿಷೇಧಿಸಿಲ್ಲ. ತನ್ನ ಬಟ್ಟೆ ಮತ್ತು ಪಾದರಕ್ಷೆ ಚೆನ್ನಾಗಿರಬೇಕೆಂದು ಬಯಸುವುದು ಅಹಂಕಾರವೇ ಎಂಬ ಸಂದೇಹ ಬಂದಾಗ, ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆಂದೂ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ಪ್ರವಾದಿವರ್ಯರು(ಸ) ತಿಳಿಸಿದರು. ತನ್ನ ಧರ್ಮಬದ್ಧ ಸಂಪಾದನೆಯಿಂದ, ಹಕ್ಕುದಾರರ ಹಕ್ಕನ್ನು ತೀರಿಸಿ, ಒಬ್ಬನು ಸುರಕ್ಷಿತವಾದ ಉತ್ತಮ ಕಾರನ್ನು ಕೊಂಡುಕೊಂಡರೆ ಆಕ್ಷೇಪಿಸಲು ನಾವು ಯಾರು? ಸಮಸ್ಯೆ ಇರುವುದು ಕಾರಿನಲ್ಲಲ್ಲ. ನಾನು ಯಾರೆಂದು ಹೇಳಲು ನನಗೆ ಒಂದು ಕಾರು ಬೇಕು ಎಂಬ ಭಾವನೆಯಲ್ಲಿ.

ಪ್ರವಾದಿವರ್ಯರ(ಸ) ಹೆಸರು ಮಕ್ಕಾದಲ್ಲಿ ಹೇಗೆ ಬೆಳೆಯಿತೆಂದು ನೋಡಿ. ಪ್ರವಾದಿತ್ವ ಸಿಗುವುದಕ್ಕೂ ಮುಂಚೆ ಜನರು ಅವರನ್ನು 'ಅಲ್ ಅಮೀನ್' ಎಂದು ಕರೆಯುತ್ತಿದ್ದರು. ಪ್ರಾಣ ತೆಗೆಯಲು ಹೊಂಚು ಹಾಕಿದ್ದ ಊರಿನವರ ಸೊತ್ತುಗಳೇ ಅವರ ಬಳಿ ಅಮಾನತ್ತಾಗಿದ್ದವು. ಹಿಜ್‌ರಾದ ರಾತ್ರಿ ಅವುಗಳನ್ನು ಹಿಂದಿರುಗಿಸಲಿಕ್ಕಾಗಿ ಅಲೀ(ರ)ಯವರನ್ನು ಹಿಂದೆ ಬಿಟ್ಟು ಹೋದರು. ಶತ್ರುವಿನ ನಂಬಿಕೆಯನ್ನೂ ಉಳಿಸಿಕೊಂಡ ಹೆಸರು ಅದು. ಅದು ಬಾಡಿಗೆಗೆ ಸಿಗುವಂಥದ್ದೇ?

ನಮ್ಮ ಕಾಟಿಪಳ್ಳದವರಿಗೆ ಈ ಮಾತು ಬೇಗ ಅರ್ಥವಾಗಬೇಕು. ನವಮಂಗಳೂರು ಬಂದರಿಗಾಗಿ ಪಣಂಬೂರಿನ ಪರಿಸರದಲ್ಲಿ ಮನೆ, ಜಮೀನು ಬಿಟ್ಟುಕೊಟ್ಟ ಕುಟುಂಬಗಳು ಬಂದು ನೆಲೆಸಿದ ಊರು ಇದು. ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಧಾನ ಬಂದರಾಯಿತು. ಇಲ್ಲಿಗೆ ಬಂದವರಿಗೆ ಮನೆತನದ ಹಿತ್ತಿಲಿನ ಬದಲು ಬ್ಲಾಕಿನ ನಂಬರು ವಿಳಾಸವಾಯಿತು. ತೆಂಗಿನ ತೋಟವಿದ್ದವನೂ ಇಲ್ಲದವನೂ ಒಂದೇ ಸಾಲಿನಲ್ಲಿ ನಿಂತರು. ತೋರಿಸಲು ಏನೂ ಉಳಿಯದಿದ್ದಾಗ ಮನುಷ್ಯನನ್ನು ಗುರುತಿಸುವುದು ಯಾವುದರಿಂದ? ಅವನು ಆಡಿದ ಮಾತನ್ನು ನಡೆಸುತ್ತಾನೆಯೇ ಎಂಬುದರಿಂದ. ಅಂಗಡಿಯವನು ಸಾಲ ಬರೆಯುವುದು ಅದನ್ನು ನೋಡಿ. ನೆರೆಯವರು ಹೆಣ್ಣು ಕೊಡುವುದೂ ಅದನ್ನು ನೋಡಿಯೇ. ಆ ತಲೆಮಾರು ಗಳಿಸಿದ ಹೆಸರಿನ ಮೇಲೆ ನಾವು ಕುಳಿತಿದ್ದೇವೆ. ಅದನ್ನು ಬೇರೊಂದು ಹೆಸರಿನಿಂದ ಮುಚ್ಚುವ ಅಗತ್ಯ ನಮಗೇನಿದೆ?

ಮತ್ತೆ ಆ ಜಗಲಿಗೆ ಬರೋಣ. ನಗು ನಿಂತ ಮೇಲೆ ಆ ಹಿರಿಯರು ತಗ್ಗಿದ ದನಿಯಲ್ಲಿ ಹೇಳಿದರು: "ನಿನಗೆ ಬುದ್ಧಿ ಹೇಳಲು ನಾನು ಯೋಗ್ಯನಲ್ಲ ಮೋನೇ. ನನ್ನ ದೊಡ್ಡ ಮಗಳ ಮದುವೆಗೆ ನಾನೂ ಅಂಥದ್ದೊಂದು ಕಾರು ತರಿಸಿದ್ದೆ. ಅಷ್ಟು ವರ್ಷ ಮುಂದೆ ಕುಳಿತವನಲ್ಲವೇ, ಒಮ್ಮೆ ನನ್ನವರು ಹಿಂದಿನ ಸೀಟಿನಲ್ಲಿ ಕೂರಲಿ ಎಂದು ಆಸೆ. ಕಾರಿನವನಿಗೆ ನಗದು ಕೊಟ್ಟೆ, ಇಲ್ಲದಿದ್ದರೆ ಅವನು ಗಾಡಿ ಕಳುಹಿಸುತ್ತಿರಲಿಲ್ಲ. ಶಾಮಿಯಾನದವನಿಗೆ ಆಮೇಲೆ ಕೊಡೋಣ ಎಂದೆ. ಅವನು ಪಾಪ, ನಮ್ಮ ಊರಿನವನೇ. ಮೂರನೇ ಸಲ ಅವನು ಬಾಗಿಲಿಗೆ ಬಂದಾಗ ನಾನು ಒಳಗೆ ಕುಳಿತು, ಉಪ್ಪ ಮನೆಯಲ್ಲಿಲ್ಲ ಎಂದು ಸಣ್ಣ ಮಗನಿಂದ ಹೇಳಿಸಿದೆ. ಮಗ ಹೇಳಿ ಒಳಗೆ ಬಂದು ನನ್ನ ಮುಖ ನೋಡಿದ. ದುಡ್ಡು ಮುಂದಿನ ತಿಂಗಳು ಕೊಟ್ಟೆ. ಆದರೆ ಆ ಹುಡುಗನ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಆ ಕಾರಿನ ಬಣ್ಣ ಯಾವುದೆಂದು ಕೇಳಿದರೆ ಮಾತ್ರ ನೆನಪಿಲ್ಲ."

ಜಗಲಿಯಲ್ಲಿ ಯಾರೂ ಮಾತನಾಡಲಿಲ್ಲ. ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಹದೀಸನ್ನು ನಾವು ಎಷ್ಟು ಸಲ ಕೇಳಿಲ್ಲ! ಆದರೆ ನಮ್ಮ ಮದುವೆಗಳ ಲೆಕ್ಕದ ಪುಸ್ತಕ ತೆರೆದು ನೋಡಿದರೆ, ನಾಲ್ಕು ಮಂದಿಯ ಕಣ್ಣಿಗೆ ಬೀಳುವ ಖರ್ಚುಗಳೆಲ್ಲ ಮುಂಗಡವಾಗಿ ಪಾವತಿಯಾಗಿರುತ್ತವೆ. ಅಡುಗೆಯವರು, ಪಾತ್ರೆ ತೊಳೆದವರು, ಚಪ್ಪರ ಕಟ್ಟಿದವರು ಕೊನೆಯ ಪುಟದಲ್ಲಿರುತ್ತಾರೆ. ದೊಡ್ಡ ಕಂಪೆನಿಯೊಂದು ಬಲವಂತದಿಂದ ದುಡಿಸಿಕೊಂಡದ್ದಕ್ಕೂ ನಾವು ಒಬ್ಬನ ಕೂಲಿ ತಡೆದದ್ದಕ್ಕೂ ಪ್ರಮಾಣದಲ್ಲಿ ಆಕಾಶ ಭೂಮಿಯ ಅಂತರವಿದೆ, ನಿಜ. ಆದರೆ ಎರಡರ ಬೇರು ಒಂದೇ. ನಮ್ಮ ಹೊಳಪಿಗಾಗಿ ಇನ್ನೊಬ್ಬನು ಕಾಯಲಿ ಎಂಬ ಧೋರಣೆ.

ಆ ಯುವಕ ಕೊನೆಗೆ ಏನು ಮಾಡಿದನೆಂದು ಓದುಗರು ಕೇಳಬಹುದು. ಮದುವೆಯ ದಿನ ಕಾರು ಬಂತು. ಅವನ ತಂದೆ ಮೊದಲೇ ಮುಂಗಡ ಕೊಟ್ಟಿದ್ದರು; ತಂದೆಯ ಮಾತನ್ನು ಮುರಿಯಲು ಅವನಿಗೆ ಮನಸ್ಸಾಗಲಿಲ್ಲ. ಆದರೆ ಅಂದು ಬೆಳಿಗ್ಗೆ ನಿಕಾಹ್‌ಗೆ ಹೊರಡುವ ಮುನ್ನ ಅವನು ಅಡುಗೆಯವರನ್ನೂ ಶಾಮಿಯಾನದವರನ್ನೂ ಕರೆದು, ಬಾಕಿಯನ್ನೆಲ್ಲ ಎಣಿಸಿ ಕೈಯಲ್ಲಿಟ್ಟನೆಂದು ಅವರೇ ನನ್ನಲ್ಲಿ ಹೇಳಿದರು. ಕಾರಿನ ಬಗ್ಗೆ ಅವರಲ್ಲಿ ಯಾರೂ ಏನೂ ಹೇಳಲಿಲ್ಲ. "ಒಳ್ಳೆಯ ಹುಡುಗ" ಎಂದರು.

ಮೆರವಣಿಗೆಯ ಕಾರು ಸಂಜೆಗೆ ತನ್ನ ಮಾಲಕನ ಬಳಿಗೆ ಮರಳಿತು. ಆ ಮಾತು ಮಾತ್ರ ಅವನ ಮನೆಯಲ್ಲಿ ಉಳಿಯಿತು. ನಮ್ಮ ಮನೆಯ ಬಾಗಿಲಿನಿಂದ ಹಣ ಸಿಗದೆ ಮರಳಿದವರು ಯಾರಾದರೂ ಇದ್ದಾರೆಯೇ? ಮುಂದಿನ ಮದುವೆಯ ಲೆಕ್ಕ ಬರೆಯಲು ಕುಳಿತಾಗ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯೋಣ.