ಅನ್ನಪ್ರಾಶನ: ಉಣಿಸುವುದೋ, ಅರ್ಪಿಸುವುದೋ?

ಮಾನವಜೀವನವನ್ನು ಸಂಸ್ಕಾರಗಳ ಸೋಪಾನವೆಂದು ಬಗೆದವರು ನಮ್ಮ ಪೂರ್ವಿಕರು. ಷೋಡಶ ಸಂಸ್ಕಾರಗಳಲ್ಲಿ ಒಂದಾದ ಅನ್ನಪ್ರಾಶನವು, ತಾಯಿಯ ಹಾಲಿನಿಂದ ಬೆಳೆದ ಶಿಶುವು ಭೂತಾಯಿಯ ಅನ್ನವನ್ನು ಮೊದಲ ಬಾರಿಗೆ ಸ್ವೀಕರಿಸುವ ಶುಭಮುಹೂರ್ತ. ಆಶ್ವಲಾಯನ ಗೃಹ್ಯಸೂತ್ರವು ಇದಕ್ಕೆ ಆರನೆಯ ತಿಂಗಳನ್ನು ವಿಧಿಸಿದೆ. 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಅನಂತರ ಅದರ ಜೊತೆಗೆ ಮೆತ್ತನೆಯ ಆಹಾರ, 2 ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲಿನ ಮುಂದುವರಿಕೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಋಷಿಗೂ ವೈದ್ಯನಿಗೂ ಇಲ್ಲಿ ಹೆಚ್ಚಿನ ಅಂತರವಿಲ್ಲ. ಸೂತ್ರಕಾರರು ಅನ್ನಕ್ಕೆ ಮೊಸರು, ತುಪ್ಪಗಳೊಡನೆ ಜೇನನ್ನೂ ಬೆರೆಸಲು ಹೇಳಿದ್ದಾರೆ. ವರ್ಷ ತುಂಬದ ಶಿಶುವಿಗೆ ಜೇನಿನಿಂದ ಅಪಾಯ ಸಂಭವಿಸಬಹುದೆಂದು ಇಂದು ತಿಳಿದಿರುವುದರಿಂದ, ಅದೊಂದನ್ನು ಬಿಟ್ಟರೆ ಸಂಸ್ಕಾರಕ್ಕೆ ಲೋಪವೇನೂ ಬಾರದು.

ಆದರೆ ಮುಹೂರ್ತವು ಒಂದು ದಿನದ್ದು. ಉಣಿಸುವ ಕಾಯಕ ನಿತ್ಯದ್ದು. ರಾಮಕೃಷ್ಣಪುರದ ಸರ್ಕಾರಿ ವಸತಿಗೃಹವಿರಲಿ, ನೋಯ್ಡಾ, ಗುರುಗ್ರಾಮಗಳ ಮುಗಿಲೆತ್ತರದ ಮನೆಯಿರಲಿ, ತಾಯಿತಂದೆಯರಿಬ್ಬರೂ ಕಚೇರಿಗೆ ಹೊರಡುವ ಬೆಳಗಿನ ಹೊತ್ತಿನಲ್ಲಿ ಮಗು ಮುಖ ತಿರುಗಿಸಿದರೆ ನಮಗೆ ತಾಳ್ಮೆ ಉಳಿಯುವುದಿಲ್ಲ. ಕೈಗಳನ್ನು ಹಿಡಿದು, ಮೊಬೈಲಿನ ಚಿತ್ರ ತೋರಿಸಿ, ಬಾಯಿ ತೆರೆದ ಕ್ಷಣ ಚಮಚವನ್ನು ತುರುಕುತ್ತೇವೆ. ಪ್ರೀತಿಯ ಹೆಸರಿನಲ್ಲಿ ನಡೆಯುವ ಈ ಬಲವಂತ ಧರ್ಮವೆನಿಸೀತೇ?

ನವರಾತ್ರಿಯಲ್ಲಿ ದೇವಿಗೆ ನೈವೇದ್ಯವಿಡುವ ಕ್ರಮವನ್ನು ನೆನೆಯೋಣ. ಮಡಿಯಿಂದ ಅಡಿಗೆ ಮಾಡುತ್ತೇವೆ, ಹೊತ್ತಿಗೆ ಸರಿಯಾಗಿ ಬಡಿಸುತ್ತೇವೆ, ತೆರೆಯೆಳೆದು ಕಾಯುತ್ತೇವೆ. ಇಷ್ಟನ್ನು ಸ್ವೀಕರಿಸಲೇಬೇಕೆಂದು ದೇವಿಯನ್ನು ಒತ್ತಾಯಿಸುವ ಭಕ್ತನಿಲ್ಲ. ಮಕ್ಕಳನ್ನು ದೇವರೆಂದು ಬಾಯಲ್ಲಿ ಹೇಳುವ ನಾವು ಈ ಮರ್ಯಾದೆಯನ್ನು ಅವರಿಗೂ ಸಲ್ಲಿಸಬೇಡವೇ? ಮಗುವಿನ ಮುಂದೆ ತೆರೆಯೆಳೆಯಬೇಕಾಗಿಲ್ಲ. ಅದರ ಮುಖವನ್ನು ನೋಡುತ್ತ ಕಾದರೆ ಸಾಕು.

ಹಾಗಾದರೆ ಮಗು ಸೊರಗಲಿ ಎಂದು ಸುಮ್ಮನಿರುವುದೇ ಎಂದು ಹಿರಿಯರು ಕೇಳಬಹುದು. ಅವರ ಆತಂಕ ಸುಳ್ಳಲ್ಲ. 6 ತಿಂಗಳ ಬಳಿಕ ಕಬ್ಬಿಣಾಂಶ ಮೊದಲಾದವುಗಳ ಅಗತ್ಯವನ್ನು ಎದೆಹಾಲೊಂದೇ ಪೂರೈಸಲಾರದು. ಆದುದರಿಂದ ಏನನ್ನು, ಯಾವಾಗ, ಹೇಗೆ ಕೊಡಬೇಕೆಂಬುದು ಹಿರಿಯರ ಕರ್ತವ್ಯ. ಎಷ್ಟು ಉಣ್ಣಬೇಕೆಂಬುದು ಶಿಶುವಿನ ಅಧಿಕಾರ. ನಮ್ಮ ಅಜ್ಜಿಯಂದಿರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ರಾಗಿ ಸರಿ ಮಾಡುತ್ತಿದ್ದುದು ಈ ಕರ್ತವ್ಯದ ನಿರ್ವಹಣೆಯೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ಮೊಳಕೆಯ ಹಿಟ್ಟು ಬೆಂದಾಗ ಅತಿಯಾಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ನೀರು ಹೆಚ್ಚಿಸದೆ ಹಿಟ್ಟನ್ನೇ ತುಸು ಹೆಚ್ಚಿಸಬಹುದು; ಪುಟ್ಟ ಹೊಟ್ಟೆಗೆ ಕೆಲವೇ ತುತ್ತುಗಳಲ್ಲಿ ಸತ್ವ ದೊರೆಯುತ್ತದೆ. ಇಷ್ಟಾದರೂ ತೂಕ ಏರದಿದ್ದರೆ ವೈದ್ಯರ ಬಳಿಗೆ ಹೋಗಬೇಕೇ ವಿನಾ ಮಗುವಿನ ಮೇಲೆ ಬಲಪ್ರಯೋಗ ಸಲ್ಲದು. ದಿನವಿಡೀ ಬ್ಯಾಂಕಿನಲ್ಲಿ ಜಮಾ ಖರ್ಚು ನೋಡುವ ನನ್ನಂಥವನಿಗೂ ತುತ್ತುಗಳ ಲೆಕ್ಕವಿಡುವುದು ತರವಲ್ಲವೆನಿಸುತ್ತದೆ. ಉಂಡ ಮಗುವಿನ ಹಸಿವು ಅದಕ್ಕಲ್ಲದೆ ಇನ್ನಾರಿಗೆ ಗೊತ್ತು?

ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯು ಇದೇ ತತ್ವವನ್ನು ಬೇರೊಂದು ನೆಲೆಯಲ್ಲಿ ತೋರಿಸುತ್ತದೆ. ಬ್ರಹ್ಮವನ್ನು ತಿಳಿಸೆಂದು ಕೇಳಿದ ಭೃಗುವಿಗೆ ತಂದೆ ವರುಣನು ಸಿದ್ಧ ಉತ್ತರವನ್ನು ಕೊಡಲಿಲ್ಲ; ಅರಿಯುವ ದಾರಿಯನ್ನು ತೋರಿ, ತಪಸ್ಸಿಗೆ ಕಳುಹಿಸಿದನು. ಮಗನು ಮೊದಲು ಅನ್ನವೇ ಬ್ರಹ್ಮವೆಂದು ಕಂಡುಕೊಂಡು, ಮರಳಿ ಬಂದು ಕೇಳಿ, ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ತಾನೇ ಅರಿತನು. ಜ್ಞಾನವನ್ನೇ ತುರುಕದ ತಂದೆಯ ಪರಂಪರೆಗೆ ಸೇರಿದ ನಾವು ಅನ್ನವನ್ನು ತುರುಕುವುದು ಎಷ್ಟರಮಟ್ಟಿಗೆ ಯುಕ್ತ? ಬೇಕು, ಸಾಕು ಎಂಬ ತನ್ನ ಮೊದಲ ಮಾತುಗಳನ್ನು ಶಿಶುವು ಬಾಯಿ ತೆರೆದೋ ಮುಖ ತಿರುಗಿಸಿಯೋ ಆಡುತ್ತದೆ. ಆ ಮಾತಿಗೆ ಬೆಲೆ ಕೊಟ್ಟ ಮನೆಯಲ್ಲಿ ಮಗುವು ಅನ್ನದ ಜೊತೆಗೆ ವಿಶ್ವಾಸವನ್ನೂ ಉಣ್ಣುತ್ತದೆ.

ದೂರದ ದೆಹಲಿಯಲ್ಲಿ ನೆಲೆಸಿರುವ ನಮ್ಮ ಮನೆಗಳ ಕಂದಮ್ಮಗಳಿಗೆ ತಾಯಿ ಅನ್ನಪೂರ್ಣೆಯು ಹಸಿವನ್ನೂ ತೃಪ್ತಿಯನ್ನೂ, ಉಣಿಸುವ ಕೈಗಳಿಗೆ ಕಾಯುವ ತಾಳ್ಮೆಯನ್ನೂ ಕರುಣಿಸಲಿ.