ಸರದಿಯ ಕಾವಲು

ಉಣ್ಣುತ್ತಿರುವವರನ್ನು ಏಳಿಸಬಾರದು, ಮಲಗಿದವರನ್ನು ದಾಟಬಾರದು, ನಿದ್ದೆಯಲ್ಲಿರುವವರನ್ನು ಹೆಸರು ಹಿಡಿದು ಕೂಗಬಾರದು. ನಮ್ಮ ಹಿರಿಯರು ಕಾರಣ ಹೇಳದೆ ಕಲಿಸಿದ ಸಣ್ಣ ಧರ್ಮಗಳಿವು. ಕಾರಣ ಏನಿರಬಹುದೆಂದು ಯೋಚಿಸಿದರೆ ನನಗೆ ತೋರುವುದು ಇಷ್ಟು: ಮಲಗಿದ ಮನುಷ್ಯ ತನ್ನನ್ನು ಪೂರ್ತಿಯಾಗಿ ಸುತ್ತಲಿನವರ ಕೈಗೆ ಒಪ್ಪಿಸಿರುತ್ತಾನೆ. ಎಚ್ಚರವಿದ್ದಾಗ ನಾವು ಯಾರನ್ನೂ ಅಷ್ಟು ನಂಬುವುದಿಲ್ಲ. ಆದರೂ ನಿದ್ದೆ ಕೆಡುತ್ತದೆ, ಕೆಲವೊಮ್ಮೆ ಕೆಡಿಸಲೂ ಬೇಕಾಗುತ್ತದೆ. ಅದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿದ್ದು ಹುಡುಗರ ಒಂದು ಆಟ ಎಂದರೆ ಓದುಗರು ನಗಬಹುದು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದನ್ನು ಪ್ರಕಟಿಸಿದರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ ಪಾತ್ರಗಳು. ಕತೆ ನಡೆಸುವವನು ಬೇರೊಬ್ಬ. ಆಟದವರು ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ, ನಾನು ಸೂತ್ರಧಾರ ಎನ್ನುತ್ತೇನೆ. ಗುಹೆಯಲ್ಲಿ ಏನಿದೆ ಎಂದು ಅವನು ಹೇಳಬೇಕು, ಏನು ಮಾಡುತ್ತೇವೆಂದು ಇವರು ಹೇಳಬೇಕು, ಆಗುವುದೋ ಇಲ್ಲವೋ ಎಂದು ದಾಳ ಹೇಳಬೇಕು. ನನ್ನ ಮಗ ಮತ್ತು ಅವನ ನಾಲ್ವರು ಗೆಳೆಯರು ಭಾನುವಾರಗಳಂದು ನಮ್ಮ ಮನೆಯ ಪಡಸಾಲೆಯಲ್ಲಿ ಆಡುತ್ತಾರೆ. ಉತ್ತರ ಪತ್ರಿಕೆ ತಿದ್ದುತ್ತಾ ಕೂತ ನನ್ನ ಕಿವಿಗೆ ಅದೆಲ್ಲ ಬೀಳುತ್ತದೆ.

ಹೋರಾಡಿ ದಣಿದ ಮೇಲೆ ಗಾಯ ಮಾಯಲು, ಮಂತ್ರಗಳು ಮರಳಿ ಬರಲು ಇವರು ಮಲಗಬೇಕು. ಮಲಗಿದಾಗ ಸೂತ್ರಧಾರ ದಾಳ ಹಾಕುತ್ತಾನೆ. ಬೇಡದ ಸಂಖ್ಯೆ ಬಿದ್ದರೆ ಅಲೆಯುವ ರಾಕ್ಷಸನೊಬ್ಬ ಬಂದು ನಿದ್ದೆ ಕೆಡಿಸುತ್ತಾನೆ. ಮೊದಲ ಸಲ ಕೇಳಿದಾಗ, ಪಾಪ, ದಣಿದ ಮಕ್ಕಳನ್ನು ಯಾಕೋ ಎಬ್ಬಿಸುತ್ತೀ ಎಂದು ಮಗನನ್ನು ಗದರಿದ್ದೆ.

ಅವನು ಕೊಟ್ಟ ಉತ್ತರದಲ್ಲಿ ಅರ್ಥವಿತ್ತು. 1974ರ ನಿಯಮದಂತೆ ಗುಹೆಯೊಳಗೆ ಕಳೆದ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಆರು ಮುಖದ ದಾಳ ಹಾಕಬೇಕು. 6 ಬಿದ್ದರೆ ರಾಕ್ಷಸ. ಆಗ ಆಟಗಾರರಿಗೆ ಅನುಭವದ ಅಂಕ ಹೆಚ್ಚಾಗಿ ಸಿಗುತ್ತಿದ್ದುದು ನಿಧಿಯಿಂದ. ಅಲೆಯುವ ರಾಕ್ಷಸನ ಬಳಿ ನಿಧಿ ಇರುವುದು ಅಪರೂಪ. ಅವನು ಎದುರಾದರೆ ಗಾಯ ಮಾತ್ರ ಲಾಭ! ಆದ್ದರಿಂದ ವೃಥಾ ಕಾಲ ಕಳೆಯುವಂತಿರಲಿಲ್ಲ. ಈ ಭಯವಿಲ್ಲದಿದ್ದರೆ ಪ್ರತಿ ಜಗಳದ ನಂತರವೂ ಬಾಗಿಲು ಹಾಕಿಕೊಂಡು ಮಲಗಿ, ಹೊಸಬರಾಗಿ ಏಳಬಹುದು. ಆಗ ಗುಹೆ ಗುಹೆಯಾಗಿ ಉಳಿಯುವುದಿಲ್ಲ, ಧರ್ಮಛತ್ರವಾಗುತ್ತದೆ. ಗಂಟೆ ಬಾರಿಸದ ಪರೀಕ್ಷೆಯಂತೆ. ನಾನು ಒಪ್ಪಿದೆ.

ಆದರೆ ದಾಳ ಹಾಕುವುದು ಬೇರೆ, ಸಿಟ್ಟಿನಿಂದ ಕಳಿಸುವುದು ಬೇರೆ. ಒಂದು ಭಾನುವಾರ ಗೆಳೆಯರು ತಮ್ಮತಮ್ಮಲ್ಲೇ ನಗುತ್ತಾ ಮಗನ ಮಾತು ಕೇಳಲಿಲ್ಲ. ಅವನು ದಾಳ ಮುಟ್ಟದೆಯೇ ಮಲಗಿದವರ ಮೇಲೆ ದೈತ್ಯನೊಬ್ಬನನ್ನು ಬಿಟ್ಟ. ಹುಡುಗರ ಮುಖ ಬಾಡಿತು. ಈ ಮುಖಗಳನ್ನು ನಾನು ಬಲ್ಲೆ. ತರಗತಿಯಲ್ಲಿ ಗಲಾಟೆಯಾಯಿತೆಂದು ಮೇಷ್ಟರು ತಟ್ಟನೆ ಪರೀಕ್ಷೆ ಕೊಟ್ಟಾಗ ಮಕ್ಕಳ ಮುಖ ಹೀಗೇ ಆಗುತ್ತದೆ. ಪಾಠದ ಪರೀಕ್ಷೆ ಅಲ್ಲ ಅದು, ಅಧಿಕಾರದ ಪ್ರದರ್ಶನ. ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ರಾಕ್ಷಸ ಆ ಜಾಗದವನೇ ಆಗಿರಬೇಕು. ಅವನ ಹೆಜ್ಜೆಗುರುತು ಮೊದಲೇ ಕಂಡಿರಬೇಕು. ಬೆಂಕಿ ಹಚ್ಚದಿರುವ, ಬಾಗಿಲಿಗೆ ಅಗುಳಿ ಹಾಕುವ, ಬೇಡವೆಂದರೆ ಹಿಂದಿರುಗುವ ದಾರಿ ಮಲಗುವವರಿಗೆ ಇರಬೇಕು. ಇಷ್ಟಿದ್ದರೆ ಅದು ಅಪಾಯ, ಇಲ್ಲದಿದ್ದರೆ ಬರಿಯ ಶಿಕ್ಷೆ. ಹದಿನೆಂಟು ದಿನ ಹೆಣಗಳ ರಾಶಿಯನ್ನೇ ಕಂಡ ಮಹಾಭಾರತದಲ್ಲೂ, ಮಲಗಿದ್ದ ಶಿಬಿರಕ್ಕೆ ಅಶ್ವತ್ಥಾಮ ನುಗ್ಗಿದ ಆ ಒಂದು ರಾತ್ರಿ ಮಾತ್ರ ಬೇರೆಯಾಗಿ ನಿಲ್ಲುವುದು ಇದಕ್ಕೇ ಇರಬೇಕು.

ಇನ್ನೊಂದು ಪ್ರಶ್ನೆ: ಅರ್ಧಕ್ಕೆ ನಿಂತ ನಿದ್ದೆಯ ಲೆಕ್ಕವೇನು? ಇದರಲ್ಲಿ ಆಟದವರಿಗೇ ಒಮ್ಮತವಿಲ್ಲ. 2000ದ ಆವೃತ್ತಿಯಲ್ಲಿ ಮಂತ್ರವಾದಿಗೆ 8 ಗಂಟೆ ವಿಶ್ರಾಂತಿ ಬೇಕು. ಪ್ರತಿ ಅಡಚಣೆಗೂ ಒಂದು ಗಂಟೆ ಹೆಚ್ಚಿಗೆ ಸೇರಿಸಬೇಕು. 2014ರ ಆವೃತ್ತಿಯಲ್ಲಿ ಒಂದು ಗಂಟೆಯ ನಡಿಗೆ, ಕಾದಾಟ ಇಂಥ ಶ್ರಮ ನಡುವೆ ಬಂದರೆ ಮತ್ತೆ ಮೊದಲಿನಿಂದ ಮಲಗಬೇಕು. ಆ ಒಂದು ಗಂಟೆಯ ಮಾತು ನಡಿಗೆಗಷ್ಟೇ ಅನ್ವಯವೋ, ಕಾದಾಟಕ್ಕೂ ಅನ್ವಯವೋ ಎಂದು ನಮ್ಮ ಪಡಸಾಲೆಯಲ್ಲಿ ಎರಡು ಭಾನುವಾರ ವಾದ ನಡೆಯಿತು. 2024ರಲ್ಲಿ ನಿಯಮ ಮತ್ತೆ ಬದಲಾಯಿತು. ಕಾದಾಟ ಶುರುವಾದರೆ ಸಾಕು, ವಿಶ್ರಾಂತಿ ತುಂಡಾಗುತ್ತದೆ. ಆದರೆ ಅದು ಮುಗಿದೊಡನೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು, ಒಂದು ಅಡಚಣೆಗೆ ಒಂದು ಗಂಟೆ ಹೆಚ್ಚು ಅಷ್ಟೆ. ಮುಂದುವರಿಸಲು ಆಗದಿದ್ದರೂ, ಅದುವರೆಗೆ ಒಂದು ಗಂಟೆ ಮಲಗಿದ್ದರೆ ಸಣ್ಣ ವಿಶ್ರಾಂತಿಯ ಫಲವಂತೂ ಸಿಗುತ್ತದೆ.

ನನ್ನ ಮತ ಈ ಕೊನೆಯದಕ್ಕೆ. ಕಾಫಿ ಕೊಯ್ಲಿಗೆಂದು ಎರಡು ತಿಂಗಳು ಶಾಲೆ ಬಿಟ್ಟು ಮತ್ತೆ ಬಂದು ಕೂರುವ ಮಕ್ಕಳನ್ನು ನಾನು ವರ್ಷಾವರ್ಷ ನೋಡುತ್ತೇನೆ. ಅವರಿಗೆ ಇನ್ನಷ್ಟು ದಿನ ಹೆಚ್ಚಿಗೆ ಕೊಡಬೇಕು, ನಿಜ. ನಿನ್ನ ಕಲಿಕೆ ಎಲ್ಲ ಸೊನ್ನೆ, ಮೊದಲಿನಿಂದ ಬಾ ಎನ್ನಬಾರದು. ಅಡಚಣೆ ಅವರು ಬೇಡಿ ತಂದದ್ದಲ್ಲ. ಗಳಿಸಿದ್ದನ್ನು ಅಳಿಸುವ ಹಕ್ಕು ಅಡಚಣೆಗೆ ಇರಬಾರದು.

ಇಷ್ಟು ಯೋಚಿಸುವುದಕ್ಕೆ ನನಗೆ ಸ್ವಂತ ಕಾರಣವೂ ಇತ್ತು. ನಮ್ಮತ್ತೆಯವರಿಗೆ ಎಂಬತ್ತಾರು ವರ್ಷ. ಮೂರು ವರ್ಷದಿಂದ ಮರೆವಿನ ಕಾಯಿಲೆ. ರಾತ್ರಿ ಒಂದಕ್ಕೆ, ಮತ್ತೆ ಮೂರಕ್ಕೆ ಎದ್ದು, ಊರಿಗೆ ಹೋಗಬೇಕು ಬಾಗಿಲು ತೆಗಿ ಎನ್ನುತ್ತಾರೆ. ಅವರು ಹೇಳುವ ಊರಿನಲ್ಲಿ ಈಗ ನಮ್ಮವರು ಯಾರೂ ಇಲ್ಲ. ಇದು ಅವರ ತಪ್ಪಲ್ಲ. ದಾಳ ಬಿದ್ದ ಹಾಗೆ. ಎಂದು ಬೀಳುತ್ತದೋ ಹೇಳಲಾಗದು, ಬಿದ್ದಾಗ ಏಳಬೇಕು. ಎದ್ದು, ನೀರು ಕೊಟ್ಟು, ಬೆಳಿಗ್ಗೆ ಬಸ್ಸಿದೆ ಎಂದು ಸಮಾಧಾನ ಹೇಳಿ ಮಲಗಿಸುವವಳು ನಾನು. ಏಳೂವರೆಗೆ ನನ್ನ ಬಸ್ಸು ಮಾತ್ರ ನಿಜವಾಗಿಯೂ ಬರುತ್ತಿತ್ತು.

ಹುಡುಗರು ಗುಹೆಯಲ್ಲಿ ಮಲಗುವ ಮುನ್ನ ಒಂದು ಕೆಲಸ ಮಾಡುತ್ತಾರೆ. ಕಾವಲಿನ ಸರದಿ ಬರೆದುಕೊಳ್ಳುತ್ತಾರೆ. 8 ಗಂಟೆಯ ವಿಶ್ರಾಂತಿಯಲ್ಲಿ 6 ಗಂಟೆ ನಿದ್ದೆ, ಉಳಿದ 2 ಗಂಟೆ ಓದುವ, ಮಾತಾಡುವ, ಕಾವಲು ಕೂರುವ ಹಗುರ ಕೆಲಸ ಮಾಡಬಹುದೆಂದು ನಿಯಮವಿದೆ. ನಾಲ್ವರು ಎರಡೆರಡು ಗಂಟೆ ಕೂತರೆ ರಾತ್ರಿ ಕಳೆಯುತ್ತದೆ, ಎಲ್ಲರಿಗೂ 6 ಗಂಟೆ ನಿದ್ದೆಯಾಗುತ್ತದೆ. ಮಂತ್ರವಾದಿ ಮೈಯಲ್ಲಿ ಬಲವಿಲ್ಲದವನು ಎಂದು ಅವನನ್ನು ಬಿಡುವುದಿಲ್ಲ. ವೀರನಿಗೆ ಬಲವಿದೆ ಎಂದು ಅವನ ಮೇಲೇ ಹೊರಿಸುವುದೂ ಇಲ್ಲ. ಲೆಕ್ಕದ ಟೀಚರಾದ ನಾನು ಕೆಂಪು ಪೆನ್ನು ಕೆಳಗಿಟ್ಟು ಆ ಭಾಗಾಕಾರವನ್ನು ಇನ್ನೊಮ್ಮೆ ಮಾಡಿದೆ. ನಮ್ಮ ಮನೆಯಲ್ಲೂ ನಾವು, ಮಕ್ಕಳು ಸೇರಿ ನಾಲ್ವರು.

ಅರಗಿನ ಮನೆಯಿಂದ ತಪ್ಪಿಸಿಕೊಂಡ ರಾತ್ರಿ ಕಾಡಿನಲ್ಲಿ ಭೀಮನೊಬ್ಬನೇ ಎಚ್ಚರವಿದ್ದ. ಹಿಡಿಂಬ ಬಂದಾಗ, ಮಲಗಿದವರಿಗೆ ಎಚ್ಚರವಾಗಬಾರದೆಂದು ಅವನನ್ನು ದೂರಕ್ಕೆ ಎಳೆದೊಯ್ದು ಕಾದಾಡಿದ. ಎಷ್ಟು ಸಲ ಪಾಠ ಮಾಡಿದ್ದೇನೆ, ಎಷ್ಟು ಹೊಗಳಿದ್ದೇನೆ! ಮರುದಿನ ಭೀಮ ಮಲಗಿದನೇ ಎಂದು ಯಾವ ಮಗುವೂ ಕೇಳಲಿಲ್ಲ. ಮನೆಗಳಲ್ಲೂ ಹೀಗೆಯೇ. ನಿನಗೆ ಬೇಗ ಎಚ್ಚರವಾಗುತ್ತದಲ್ಲ ಎನ್ನುತ್ತಾರೆ. ಬೇಗ ಎಚ್ಚರವಾಗುವುದು ಹುಟ್ಟುಗುಣವಲ್ಲ; ಬೇರೆ ಯಾರೂ ಏಳದ ಮನೆಯಲ್ಲಿ ಒಬ್ಬರಿಗೆ ಬರುವ ಅಭ್ಯಾಸ.

ಒಂದು ಹಾಳೆಯಲ್ಲಿ ನಾಲ್ಕು ಹೆಸರು, ನಾಲ್ಕು ಹೊತ್ತು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಅಮ್ಮ ನನ್ನ ಮಾತು ಕೇಳುವುದಿಲ್ಲ ಎಂದರು ನಮ್ಮವರು. ಕೇಳುವವರೆಗೆ ಕೂರಿ ಎಂದೆ. ಮೊದಲ ರಾತ್ರಿ ಅತ್ತೆಯವರು ನನ್ನನ್ನೇ ಕರೆದರು. ನಾನು ಏಳಲಿಲ್ಲ, ಆದರೆ ನಿದ್ದೆಯೂ ಬರಲಿಲ್ಲ. ಈಗ ಅವರ ಊರಿಗೆ ಮೊಮ್ಮಗನೂ ಬಸ್ಸು ಹೇಳಬಲ್ಲ, ಮಗನೂ ಹೇಳಬಲ್ಲರು. ಅವರು ಏಳುವುದೇನೂ ನಿಂತಿಲ್ಲ.

ರಾಕ್ಷಸನನ್ನು ಯಾರು ಕಳಿಸಿದರು ಎಂಬುದರ ಬಗ್ಗೆ ನಾವು ತುಂಬ ಯೋಚಿಸುತ್ತೇವೆ. ಎಷ್ಟೋ ಸಲ ಯಾರೂ ಕಳಿಸಿರುವುದಿಲ್ಲ. ಮುಪ್ಪು, ಜ್ವರ, ಹಸುಗೂಸಿನ ಅಳು ಇವೆಲ್ಲ ತಾವಾಗಿ ಬರುತ್ತವೆ. ಅವುಗಳಲ್ಲಿ ನ್ಯಾಯ ಹುಡುಕಿ ಫಲವಿಲ್ಲ. ನ್ಯಾಯದ ಪ್ರಶ್ನೆ ಹುಟ್ಟುವುದು ಅದಕ್ಕೂ ಮುಂಚೆ, ಎಲ್ಲರೂ ಹಾಸಿಗೆ ಬಿಡಿಸುವ ಹೊತ್ತಿಗೆ. ಈ ರಾತ್ರಿ ಯಾರು ಯಾವಾಗ ಕೂರುತ್ತಾರೆ ಎಂದು ಆಗಲೇ ಕೇಳಿಕೊಳ್ಳಬೇಕು.